ಹೊಳೆಯಾಚೆಯ ಹೂಂ

ನನಗೆ ಮದುವೆ ನಿಶ್ಚಯವಾಗಿರಬಹುದು ಎಂಬ ಅನುಮಾನ ಸೋಮವಾರದಿಂದ ಕಾಡುತ್ತಿದೆ. ಖಚಿತವಾಗಿ ಗೊತ್ತಿಲ್ಲ. ಯಾರನ್ನಾದರೂ ಕೇಳಿ ತಿಳಿದುಕೊಳ್ಳಬಹುದಿತ್ತು. ಆದರೆ "ಅಮ್ಮಾ, ನನಗೆ ಮದುವೆ ಗೊತ್ತಾಯ್ತಾ?" ಎಂದು ನಾನು ಕೇಳಿ, ಅಮ್ಮ ಒಗ್ಗರಣೆಯ ಗದ್ದಲದಲ್ಲಿ ಗಮನಿಸದೆ ಇದ್ದುಬಿಟ್ಟರೆ, ಆ ಪ್ರಶ್ನೆ ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಜಗಲಿಗೆ, ಜಗಲಿಯಿಂದ ಬೀದಿಗೆ ಇಳಿದು, ನನ್ನದೇ ದನಿಯಲ್ಲಿ ಮನೆಮನೆಯ ಕದ ತಟ್ಟುತ್ತ ಹೋಗುತ್ತದೆ. ಅದಕ್ಕಿಂತ ಮದುವೆಯಾಗಿಬಿಡುವುದೇ ವಾಸಿ ಎಂದು ಡೈರಿಯಲ್ಲಿ ಬರೆದು, ಅಕ್ಷರ ಚೆನ್ನಾಗಿ ಬಂದಿದೆಯೇ ಎಂದು ನೋಡಿ, ಮುಚ್ಚಿಟ್ಟೆ.

ನಮ್ಮ ಊರಿನಲ್ಲಿ ಯಾರಾದರೂ ಹೂಂ ಎನ್ನುವವರೆಗೆ ಯಾವುದೂ ಮುಗಿಯುವುದಿಲ್ಲ. ಲೋಟ ಬಿದ್ದರೆ ಆ ಸದ್ದು ಬಿದ್ದ ಕೋಣೆಯಲ್ಲಿ ಒಂದು ಸುತ್ತು ಹಾಕುತ್ತದೆ. ಅಲ್ಲಿ ಯಾರೂ ಹೂಂ ಎನ್ನದಿದ್ದರೆ ಪಕ್ಕದ ಕೋಣೆಗೆ, ಅಲ್ಲಿಂದ ಬೀದಿಗೆ, ಬೀದಿಯಿಂದ ಬೀದಿಗೆ ದಾಟಿ ಕಡೆಗೆ ಊರ ನೀರಿನ ಟ್ಯಾಂಕಿನ ಮೇಲಕ್ಕೆ ಹತ್ತುತ್ತದೆ. ಮಾತಿಗೆ ಮಾತು ಕೂಡಿಕೊಂಡರೆ ತಾಪತ್ರಯವಿಲ್ಲ. ಜವಾಬು ಸಿಗದ ಮಾತೇ ಅಲೆಯುವುದು. ಕುಕ್ಕರಿನ ಕೂಗಿಗೆ ಒಂದು ಮನೆಯವರು ಹೂಂ ಎನ್ನಲು ಮರೆತರೆ ಪಕ್ಕದ ಮನೆಯವರು ತಮ್ಮ ಒಲೆ ಆರಿಸುತ್ತಾರೆ. ಇವರ ಅನ್ನ ಬೇಯುವುದಿಲ್ಲ, ಅವರದು ಸೀಯುತ್ತದೆ, ಎರಡು ದಿನ ಮಾತಿಲ್ಲ. ಸೊಪ್ಪಿನವಳ ಕೂಗಿಗೆ ಹೂಂ ಎಂದು ಸೊಪ್ಪು ಕೊಳ್ಳದೆ ಒಳಗೆ ಹೋಗುವವರನ್ನು ನಮ್ಮ ಬೀದಿಯಲ್ಲಿ ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅವಳ ಕೂಗು ಅಲ್ಲೇ ಸತ್ತು ಆಚೆ ಬೀದಿಗೆ ಹೋಗದಂತಾಗುತ್ತದಲ್ಲ. ಕಾಲೇಜಿನಲ್ಲಿ ಮೊದಲ ಬೆಂಚಿನವರು ಹೂಂ ಎನ್ನದಿದ್ದರೆ ಅರ್ಥಶಾಸ್ತ್ರದ ಪಾಠ ಗೋಡೆ ದಾಟಿ ರಸಾಯನಶಾಸ್ತ್ರದವರ ಮೇಲೆ ಬೀಳುತ್ತಿತ್ತು. ನಾನು ಮೂರು ವರ್ಷ ಮೊದಲ ಬೆಂಚಿನಲ್ಲಿ ಕೂತು ಹೂಂಗುಟ್ಟಿ ಪದವಿ ಪಡೆದವಳು. ನನ್ನ ನಡತೆಯ ಪತ್ರದಲ್ಲಿ "ಉತ್ತಮ ಗ್ರಹಣಶಕ್ತಿ" ಎಂದು ಬರೆದಿದ್ದಾರೆ.

ಯಾರಿಗೂ ಬೇಡವಾದ ಸದ್ದು ಟ್ಯಾಂಕಿನ ಮೇಲೆ ಹೋಗುತ್ತದೆ ಎಂದೆನಲ್ಲ, ಅಲ್ಲಿ ಕೂತು ಕೊನೆಯ ಹೂಂ ಹೇಳುವ ಕೆಲಸ ಅಪ್ಪನದು. ಹುದ್ದೆಯ ಹೆಸರು ಅಂತಿಮ ಸ್ವೀಕಾರಾಧಿಕಾರಿ. ಗುಡುಗು, ನಾಯಿಗಳ ಜಗಳ, ಬಸ್ಸು ತಪ್ಪಿಸಿಕೊಂಡವರ ಶಾಪ, ಅತ್ತೆಯರ ಕೆಮ್ಮು ಎಲ್ಲ ಅಪ್ಪನ ಮೇಜಿಗೆ ಬರುತ್ತವೆ. ಅಪ್ಪ ಗಂಟಲು ಸರಿಪಡಿಸಿಕೊಂಡು ಹೂಂ ಎಂದರೆ ಮುಗಿಯಿತು, ಆ ಹೂಂನ ಮೇಲೆ ಇನ್ನೊಂದು ಹೂಂ ಇಲ್ಲ. ಆದ್ದರಿಂದಲೇ ಮನೆಗೆ ಬಂದ ಮೇಲೆ ಅಪ್ಪ ಯಾವುದಕ್ಕೂ ಹೂಂ ಎನ್ನುವುದಿಲ್ಲ. "ಆಫೀಸಿನ ಕೆಲಸ ಮನೇಲಿ ಮಾಡಲ್ಲ ಕಣೇ" ಎಂದು ಪೇಪರ್ ಬಿಡಿಸುತ್ತಾರೆ. ಹಾಗಾಗಿ ಮನೆಯ ಹೂಂ ಪೂರ್ತಿ ಅಮ್ಮನ ಪಾಲು. ಅಮ್ಮ ನಲ್ಲಿ ತೊಟ್ಟಿಕ್ಕುವ ಸದ್ದಿಗೂ ಹೂಂ, ಅಪ್ಪನ ಗೊರಕೆಗೂ ಹೂಂ, ನನಗೆ ಯಾರಾದರೂ ಏನಾದರೂ ಕೇಳಿದರೆ ನಾನು ಬಾಯಿ ತೆರೆಯುವ ಮೊದಲೇ ಅದಕ್ಕೂ ಹೂಂ. ನಮ್ಮ ಮನೆಯಿಂದ ಒಂದು ಪಿಸುಮಾತೂ ಹೊಸ್ತಿಲು ದಾಟಿದ್ದಿಲ್ಲ. "ನಿಮ್ಮ ಮನೇಲಿ ಏನೂ ಆಗೋದೇ ಇಲ್ಲ ಅಲ್ವಾ, ಪುಣ್ಯವಂತರು" ಎಂದು ಎದುರುಮನೆಯವರು ಹೇಳುತ್ತಾರೆ. ಅಮ್ಮ ಅದಕ್ಕೂ ಹೂಂ ಎನ್ನುತ್ತಾರೆ.

ಬೇಡ ಎನ್ನುವವರು ಏನು ಮಾಡುತ್ತಾರೆ? ನಮ್ಮಲ್ಲಿ ಬೇಡ ಎನ್ನುವವರಿಲ್ಲ. "ನೋಡೋಣ" ಎನ್ನುತ್ತಾರೆ. ಹಾಗೆಂದರೆ ಪ್ರಶ್ನೆ ಆ ಹೊತ್ತಿಗೆ ಅಡಗಿ, ಮಾರನೆಯ ದಿನ ಕಾಫಿಯ ವೇಳೆಗೆ ಮತ್ತೆ ಬಂದು ನಿಲ್ಲುತ್ತದೆ. ಕೆಲವು ಹಿರಿಯರ ಮನೆಯಲ್ಲಿ ಬೆಳಿಗ್ಗೆ ಕಾಲಿಡಲು ಜಾಗವಿರುವುದಿಲ್ಲ. ಆದರೆ ನೋಡೋಣ ಎನ್ನಲು ತಲೆ ಸ್ವಲ್ಪ ನರೆತಿರಬೇಕು. ಹುಡುಗಿಯರು ಹೇಳಿದರೆ ಕೊಬ್ಬು ಎನ್ನುತ್ತಾರೆ.

ಸೋಮವಾರ ಆದದ್ದು ಇಷ್ಟು. ಅಪ್ಪನ ತಂಗಿ ಪ್ರಮೀಳತ್ತೆ ಬಂದಿದ್ದರು. ಅವರನ್ನು ಕೊಟ್ಟಿದ್ದು ಹೊಳೆಯ ಆಚೆಗೆ. ಬರುವಾಗ ಒಂದು ಫೋಟೋ ತಂದಿದ್ದರು. ಫೋಟೋದಲ್ಲಿ ಮಧುಕೇಶ ಎಂಬ ಹುಡುಗ ತನ್ನ ಫೋಟೋಗೆ ತಾನೇ ಅಡ್ಡ ಬಂದವನ ಹಾಗೆ ಒಂದು ಪಕ್ಕಕ್ಕೆ ಸರಿದು ನಿಂತಿದ್ದ. ಅವನ ಮೇಲೆ ನನಗೆ ಕೋಪ ಬರಲಿಲ್ಲ. ಬೇರೆ ಏನೂ ಬರಲಿಲ್ಲ.

"ಸೀರೆ ಅಂಗಡಿ ಇದೆ, ಇವನೊಬ್ಬನೇ ಮಗ" ಎಂದರು ಅತ್ತೆ. "ನೀನು ಆ ಗವಾಕ್ಷಿ ಗಿವಾಕ್ಷಿ ಎಲ್ಲ ಬಿಟ್ಟು ಅಂಗಡಿ ಗಲ್ಲಾದ ಮೇಲೆ ಆರಾಮಾಗಿ ಕೂತ್ಕೋಬೋದು. ಏನೇ ವಸೂ, ಹುಡುಗ ಒಪ್ಪಿಗೆಯೇನೇ?"

ನಾನು ಸೆರಗಿನ ಅಂಚಿನಲ್ಲಿ ದಾರ ಹುಡುಕಿದೆ. ಅಮ್ಮನ ಬಾಯಲ್ಲಿ ಆಗ ಅಡಿಕೆ ಇತ್ತು. "ಹುಡುಗ ಒಪ್ಪಿಗೆಯೇನೇ?" ಎಂಬುದು ಅತ್ತೆಯ ದನಿಯಲ್ಲೇ ನಡುಮನೆಯನ್ನು ಒಂದು ಸುತ್ತು ಬಂತು, ಅಪ್ಪನ ಪೇಪರನ್ನು ಸವರಿಕೊಂಡು ಹೋಯಿತು, ಹೊಸ್ತಿಲ ಮೇಲೆ ಒಂದು ಕಾಲಿಟ್ಟಿತು. ಹೊರಗೆ ಜಗಲಿಯಲ್ಲಿ ಎದುರುಮನೆಯವರು ಹೂ ಕೊಳ್ಳುತ್ತ ಮಾಲೆಯನ್ನು ಅಳೆಯುವುದು ನಿಲ್ಲಿಸಿದ್ದರು. ಅದು ಬೀದಿಗಿಳಿದರೆ ನಾನು ನಾಳೆ ಆಫೀಸಿಗೆ ಹೋಗುವುದು ಹೇಗೆ? ನಾನು ಹೂಂ ಎಂದೆ. ಪ್ರಶ್ನೆ ಅಲ್ಲೇ ನಿಂತಿತು. ಅತ್ತೆ ಎದ್ದು ನನ್ನ ಬಾಯಿಗೆ ಸಕ್ಕರೆ ಹಾಕಿದರು. ಅನುಮಾನ ಶುರುವಾದದ್ದು ಆ ಸಕ್ಕರೆಯಿಂದ.

ಗವಾಕ್ಷಿ ಗಿವಾಕ್ಷಿ ಎಂದು ಅತ್ತೆ ಹೇಳಿದ್ದು ನನ್ನ ಕೆಲಸಕ್ಕೆ. ಗವಾಕ್ಷಿ ಎಂದರೆ ಕಂಪ್ಯೂಟರಿನ ಪರದೆಯ ಮೇಲೆ ಕಿಟಕಿ, ಗುಂಡಿ, ಪಟ್ಟಿ ಇವನ್ನೆಲ್ಲ ಕಟ್ಟುವವರಿಗೆ ಬೇಕಾದ ಸಾಮಾನಿನ ಪೆಟ್ಟಿಗೆ. ನಮ್ಮ ಕಡೆ ಮೂರು ಜಾತಿಯ ಯಂತ್ರಗಳಿವೆ, ಕೋಟೆಯವರಾದ ನಮ್ಮದು, ಪೇಟೆಯವರದು, ಹೊಳೆಯಾಚೆಯವರದು. ಮೂವರೂ ತಮ್ಮದೇ ಯಂತ್ರ, ಉಳಿದವು ಡಬ್ಬ ಎನ್ನುತ್ತಾರೆ. ಗವಾಕ್ಷಿಯಲ್ಲಿ ಒಮ್ಮೆ ಬರೆದದ್ದು ಮೂರರಲ್ಲೂ ಒಂದೇ ಥರ ನಡೆಯುತ್ತದೆ ಎಂದು ನಮ್ಮ ಕಚೇರಿಯ ಬೋರ್ಡಿನ ಮೇಲೆ ಇದೆ. ಬೋರ್ಡು ಬರೆಸಿದವರು ನಿವೃತ್ತರಾದರು. ನಡೆಸಬೇಕಾದವಳು ನಾನು.

ನನ್ನ ಪಾಲಿಗೆ ಬಂದಿರುವುದು ಒಂದೇ ಫೈಲು. ಯಾರೋ ಗುಂಡಿ ಒತ್ತುತ್ತಾರೆ. ಆ ಒತ್ತು ಯಾರಿಗೆ ಸೇರಬೇಕು ಎಂದು ತೀರ್ಮಾನಿಸುವುದು ಆ ಫೈಲಿನ ಕೆಲಸ. ಒತ್ತು ಮೊದಲು ಗುಂಡಿಯ ಹತ್ತಿರ ಹೋಗುತ್ತದೆ. ಗುಂಡಿ ಹೂಂ ಎನ್ನದಿದ್ದರೆ ಗುಂಡಿ ಕೂತಿರುವ ಚೌಕಟ್ಟಿಗೆ, ಚೌಕಟ್ಟೂ ಸುಮ್ಮನಿದ್ದರೆ ಕಿಟಕಿಗೆ, ಹಾಗೆಯೇ ಮೇಲೆ ಮೇಲೆ. ಬೇರೆ ಊರಿನವರಿಗೆ ಇದನ್ನು ಕಲಿಯಲು ತಿಂಗಳು ಹಿಡಿಯುತ್ತದಂತೆ. ನನಗೆ ಮೊದಲ ದಿನ ಮಧ್ಯಾಹ್ನವೇ ಇದು ನಮ್ಮ ಮನೆ ಎಂದು ಅರ್ಥವಾಯಿತು. ಯಾರ ಜೊತೆಯೂ ಮಾತಾಡದೆ, ಯಾರು ಯಾರಿಗೆ ಏನು ಹೇಳಿದರು ಎಂದು ದಿನವಿಡೀ ನೋಡಿಕೊಂಡಿರುವ ಕೆಲಸ. ನನ್ನಂಥವಳಿಗೆ ಇದಕ್ಕಿಂತ ಸುಖ ಬೇರೆ ಇದೆಯೇ? ಗಲ್ಲಾದ ಮೇಲೆ ಕೂತರೆ ಗಿರಾಕಿಗಳ ಮುಖ ನೋಡಬೇಕು.

ಬುಧವಾರ ಹೊಳೆಯಾಚೆಯ ಗಿರಾಕಿಯೊಬ್ಬರ ದೂರು ಬಂತು. ಪರದೆಯ ಮೇಲೆ "ಎಲ್ಲ ಅಳಿಸಿಬಿಡಲೇ?" ಎಂದು ಕೇಳುವ ಪೆಟ್ಟಿಗೆ ಬಂದಿದೆ. ಅವರು "ಬೇಡ" ಎಂಬ ಗುಂಡಿ ಒತ್ತಿದ್ದಾರೆ. ಎಲ್ಲ ಅಳಿಸಿಹೋಗಿದೆ.

"ಕೈ ಜಾರಿರಬೇಕು" ಎಂದರು ನಮ್ಮ ಮೇಲಿನವರಾದ ತಿಪ್ಪೇಶಪ್ಪನವರು. ಅವರ ಅಭಿಪ್ರಾಯದಲ್ಲಿ ದೂರುಗಳೆಲ್ಲ ಕೈ ಜಾರಿದವು.

ನಾನು ಮೂರು ಯಂತ್ರಗಳನ್ನೂ ಸಾಲಾಗಿ ಇಟ್ಟುಕೊಂಡು ಬೇಡ ಗುಂಡಿಯನ್ನು ಒತ್ತಿದೆ. ಕೋಟೆಯ ಯಂತ್ರದಲ್ಲಿ ಪೆಟ್ಟಿಗೆ ಮುಚ್ಚಿತು, ಏನೂ ಅಳಿಯಲಿಲ್ಲ. ಪೇಟೆಯ ಯಂತ್ರದಲ್ಲಿ ಪೆಟ್ಟಿಗೆ ಮುಚ್ಚಿತು, ಅದರ ಹಿಂದಿದ್ದ ಕಿಟಕಿಯೂ ಮುಚ್ಚಿತು, ಆದರೂ ಏನೂ ಅಳಿಯಲಿಲ್ಲ. ಹೊಳೆಯಾಚೆಯ ಯಂತ್ರದಲ್ಲಿ ಪೆಟ್ಟಿಗೆ ನಯವಾಗಿ ಮುಚ್ಚಿ ಎಲ್ಲ ಅಳಿದುಹೋಯಿತು. ಪಕ್ಕದ ಮೇಜಿನ ಫಿಲೋಮಿನಾ ಕುರ್ಚಿ ಎಳೆದುಕೊಂಡು ಬಂದಳು. ಅವಳು ಹುಟ್ಟಿದ್ದು ಹೊಳೆಯಾಚೆ. ಆಫೀಸಿನಲ್ಲಿ ನಾನು ಮುಖವೆತ್ತಿ ನೋಡುವುದು ಅವಳೊಬ್ಬಳನ್ನೇ.

"ಈ ಬೇಡ ಗುಂಡಿ ಒತ್ತಿದ್ರೆ ಏನಂತ ಉತ್ತರ ಕೊಡುತ್ತೆ ಯಂತ್ರಕ್ಕೆ?" ಎಂದಳು.

"ಹೂಂ ಅನ್ನುತ್ತೆ. ಅಂದ್ರೆ, ನನಗೆ ಕೇಳಿಸ್ತು, ಇಲ್ಲಿಗೆ ಬಿಟ್ಟುಬಿಡಿ ಅಂತ."

"ಅದು ನಿಮ್ಮ ಕೋಟೆ ಹೂಂ ಕಣೇ. ಪೇಟೆಯವ್ರ ಹೂಂ ಅಂದ್ರೆ ಕೇಳಿಸ್ತು, ಮುಂದಿನ ಮನೆಗೆ ಹೋಗು ಅಂತ. ಅದಕ್ಕೇ ಅವ್ರದ್ರಲ್ಲಿ ಹಿಂದಿನ ಕಿಟಕೀನೂ ಮುಚ್ಕೊಂಡಿದ್ದು. ನಮ್ಮ ಹೊಳೆಯಾಚೆ ಹೂಂ ಅಂದ್ರೆ ಒಂದೇ ಅರ್ಥ."

"ಏನು?"

"ಒಪ್ಪಿದೆ. ಎಲ್ಲ ಅಳಿಸಿಬಿಡಲೇ ಅಂತ ಯಂತ್ರ ಕೇಳ್ತು, ನಿನ್ನ ಗುಂಡಿ ಹೂಂ ಅಂತು, ಪಾಪ ಅದು ಅಳಿಸ್ತು. ಅದರದ್ದೇನು ತಪ್ಪು?"

ಹೊಳೆಯಾಚೆಯ ಹೂಂ ಬೇರೆ ಎಂದು ನಾನು ಕೇಳಿರಲಿಲ್ಲವೆಂದಲ್ಲ. ಎಳೆಯುವ ರಾಗ ಬೇರೆ ಎಂದುಕೊಂಡಿದ್ದೆ, ಅರ್ಥವೇ ಬೇರೆ ಎಂದುಕೊಂಡಿರಲಿಲ್ಲ. "ಅಲ್ಲಿಯ ಹೆಂಗಸರೂ ಹಾಗೇ ಅಂದ್ಕೊಳ್ತಾರಾ? ಅಲ್ಲಿಗೆ ಮದುವೆಯಾಗಿ ಹೋಗಿ ತುಂಬಾ ವರ್ಷ ಆದವರು?" ಎಂದು ಕೇಳಿದೆ.

ಫಿಲೋಮಿನಾ ನನ್ನ ಮುಖ ನೋಡಿದಳು. "ಯಾವುದಕ್ಕೆ ಹೂಂ ಅಂದೆ ಮಾರಾಯ್ತಿ?"

ಹೇಳಿದೆ. ಅವಳು ನಗಲಿಲ್ಲ, ಅದು ಅವಳ ದೊಡ್ಡತನ. ನಕ್ಕಿದ್ದು ಎರಡು ನಿಮಿಷ ಬಿಟ್ಟು, ಅದೂ ಬಚ್ಚಲಿಗೆ ಹೋಗಿ. ಆ ನಗು ಗೋಡೆ ದಾಟಿ ನಮ್ಮ ಕೋಣೆಗೆ ಬಂದಾಗ ನಾನೇ ಹೂಂ ಎಂದು ನಿಲ್ಲಿಸಿದೆ. ವಾಪಸು ಬಂದು, "ಹುಡುಗನ ಕಡೆಯವ್ರು ಯಾವತ್ತು ಬರ್ತಾರೆ?" ಎಂದಳು. ಶುಕ್ರವಾರ ಅತ್ತೆ ಮತ್ತೆ ಬರುತ್ತಾರೆ ಎಂದು ಅಮ್ಮ ಹೇಳಿದ್ದು, ಹೊಸ ಲೋಟಗಳನ್ನು ಅಟ್ಟದಿಂದ ಇಳಿಸಿದ್ದು ನೆನಪಾಯಿತು. ಅತ್ತೆಗೆ ನಮ್ಮ ಮನೆಯಲ್ಲಿ ಯಾವಾಗಲೂ ಹಳೆಯ ಲೋಟ.

ಅವತ್ತು ಡೈರಿಯಲ್ಲಿ, ನಾನು ಒಂದು ಬೇಡ ಗುಂಡಿ ಎಂದು ಬರೆದು ತಕ್ಷಣ ಹೊಡೆದುಹಾಕಿದೆ. ಇಂಥ ಹೋಲಿಕೆಗಳಿಗೆ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಜಾಗ ಕೊಡುತ್ತಾರೆ, ಅಷ್ಟೇ ಉಪಯೋಗ.

ಫೈಲನ್ನು ಸರಿಮಾಡುವುದು ಮಾತ್ರ ನನ್ನ ಕೈಯಲ್ಲಿತ್ತು. ಮೂರೂ ಯಂತ್ರಗಳಿಗೆ ಒಂದೇ ಅರ್ಥ ಕೊಡುವ ಉತ್ತರ ಬೇಕು. ಹೂಂ ಆಗದು. ಸುಮ್ಮನಿದ್ದರೂ ಆಗದು, ಒತ್ತು ಮುಂದೆ ಹೋಗುತ್ತದೆ. ಹುಡುಕುತ್ತ ಹೋದರೆ ಫೈಲಿನ ತಳದಲ್ಲಿ ಮೂರನೆಯ ಉತ್ತರಕ್ಕೆಂದು ಯಾರೋ ಒಂದು ಕವಲು ತೆರೆದಿಟ್ಟಿದ್ದರು. ಮೇಲೆ, "ಇಲ್ಲಿಗೆ ಯಾರೂ ಬರುವುದಿಲ್ಲ" ಎಂದು ಟಿಪ್ಪಣಿ. ಒಳಗೆ ಖಾಲಿ. ನಾನು ಆ ಖಾಲಿ ಜಾಗದಲ್ಲಿ, ಈ ಉತ್ತರ ಬಂದರೆ ಕೇಳಿದ್ದನ್ನು ಕೇಳಿದವರಿಗೇ ವಾಪಸು ಕೊಡು ಎಂದು ಬರೆದೆ. ಉತ್ತರಕ್ಕೆ ಹೆಸರಿಡಬೇಕಿತ್ತು. ಊಹೂಂ ಎಂದು ಇಟ್ಟೆ. ಬೇಡ ಗುಂಡಿ ಈಗ ಊಹೂಂ ಎಂದಿತು. ಮೂರು ಯಂತ್ರದಲ್ಲೂ ಪೆಟ್ಟಿಗೆ ಮುಚ್ಚಿತು, ಹಿಂದಿನ ಕಿಟಕಿ ತೆರೆದೇ ಇತ್ತು, ಯಾವುದೂ ಅಳಿಯಲಿಲ್ಲ. ಬೋರ್ಡಿನ ಮಾತು ಅವತ್ತು ಮೊದಲ ಸಲ ನಿಜವಾಯಿತು, ಬೋರ್ಡಿಗೆ ಗೊತ್ತಾಗಲಿಲ್ಲ.

ತಿಪ್ಪೇಶಪ್ಪನವರು ಕನ್ನಡಕ ಏರಿಸಿ ನೋಡಿದರು. "ಊಹೂಂ? ಊರಲ್ಲೇ ಇಲ್ಲದ್ದನ್ನ ಗವಾಕ್ಷಿಗೆ ಹಾಕ್ತೀಯೇನಮ್ಮಾ? ಗಿರಾಕಿಗಳು ಬೇಜಾರು ಮಾಡ್ಕೊಳ್ಳಲ್ವಾ?"

"ಗಿರಾಕಿ ಬೇಡ ಅಂದಾಗ ಬೇಡ ಅಂತ ತಿಳ್ಕೊಂಡ್ರೆ ಯಾಕೆ ಸಾರ್ ಬೇಜಾರು?" ಎಂದಳು ಫಿಲೋಮಿನಾ, ನನ್ನ ಪರವಾಗಿ.

"ನೋಡೋಣ" ಎಂದರು ತಿಪ್ಪೇಶಪ್ಪನವರು. ಗುರುವಾರ ಕಾಫಿಯ ವೇಳೆಗೆ ಆ ಪ್ರಶ್ನೆ ಅವರ ಮೇಜಿನ ಮುಂದೆ ಬಂದು ನಿಂತಿತ್ತು. ಅವರು ಬಾಯಾರೆ ಹೂಂ ಎಂದು ಕಪ್ಪೆತ್ತಿಕೊಂಡರು. ಯಾವ ಹೂಂ ಎಂದು ನಾವು ಕೇಳಲಿಲ್ಲ. ಹೊಸ ಫೈಲು ಮೂರು ಕಡೆಗೂ ಹೋಯಿತು.

ಗುರುವಾರ ಸಂಜೆ ಮನೆಗೆ ಬಂದಾಗ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಅಟ್ಟದಿಂದ ಇಳಿಸಿದ ಹೊಸ ಲೋಟಗಳಲ್ಲಿ ಒಂದನ್ನು ಎತ್ತಿ ನೆಲಕ್ಕೆ ಬಿಟ್ಟೆ. ಠಣ್ ಎಂದದ್ದು ಗೋಡೆಯಿಂದ ಗೋಡೆಗೆ ಹೊರಟಿತು. ತುಟಿ ಮಾತ್ರ ಅಲುಗುವಂತೆ, ಬಹಳ ಸಣ್ಣಗೆ, ಊಹೂಂ ಎಂದೆ. ಸದ್ದು ನಡುದಾರಿಯಲ್ಲಿ ನಿಂತಿತು, ತಿರುಗಿತು, ಲೋಟದೊಳಕ್ಕೆ ಹೋಗಿ ಕೂತಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಅಮ್ಮ. ಅವರು ಬಗ್ಗಿ ಲೋಟವನ್ನು ಎತ್ತಿಕೊಂಡು, ಶಂಖವನ್ನು ಹಿಡಿದ ಹಾಗೆ ಕಿವಿಗಿಟ್ಟುಕೊಂಡು ಕೇಳಿದರು. ತುಂಬ ಹೊತ್ತು ಕೇಳಿದರು. ಆಮೇಲೆ ಆ ಲೋಟವನ್ನು ಉಳಿದವುಗಳ ಜೊತೆಗಿಡದೆ ಬೇರೆಯಾಗಿ, ತಮ್ಮ ಮಸಾಲೆ ಡಬ್ಬಿಯ ಹಿಂದೆ ಇಟ್ಟುಕೊಂಡರು. "ನಾಳೆ ನೀಲಿ ಸೀರೆ ಉಟ್ಕೋ. ಅದ್ರಲ್ಲಿ ಸ್ವಲ್ಪ ಗಟ್ಟಿಯಾಗಿ ಕಾಣ್ತೀಯ" ಎಂದರು. ನಾನು ಹೂಂ ಎಂದೆ. ಅದು ಮೂರು ಕಡೆಯ ಲೆಕ್ಕದಲ್ಲೂ ಹೂಂ.

ಶುಕ್ರವಾರ ಬಂದರು. ಅತ್ತೆ, ಮಧುಕೇಶ, ಅವನ ತಂದೆ. ತಂದೆ ಎತ್ತರದ, ನಗುಮುಖದ ಮನುಷ್ಯ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಹಿಡಿದೇ ಒಳಗೆ ಬಂದರು. ನನ್ನನ್ನು ನೋಡುವ ಶಾಸ್ತ್ರವೇ ಇರಲಿಲ್ಲ, ಅದೆಲ್ಲ ಸೋಮವಾರವೇ ಮುಗಿದಿತ್ತಲ್ಲ. ಮಧುಕೇಶ ಬಂದು ಕುರ್ಚಿಯ ಒಂದು ಪಕ್ಕದಲ್ಲಿ ಕೂತ. ಫೋಟೋ ತೆಗೆದವನ ತಪ್ಪು ಏನೂ ಇರಲಿಲ್ಲ. ಬಾಗಿಲು ತೆರೆದಿತ್ತು, ಜಗಲಿಯಲ್ಲಿ ಎದುರುಮನೆಯವರು ಇವತ್ತೂ ಹೂ ಕೊಳ್ಳುತ್ತಿದ್ದರು.

"ಪ್ರಮೀಳಾ ಅವರು ಎಲ್ಲಾ ಹೇಳ್ಯಾರ" ಎಂದರು ಅವನ ತಂದೆ. "ಹುಡುಗಿ ಒಂದ ಮಾತಿಗೆ ಹೂಂ ಅಂದ್ಲಂತ. ನಮಗ ಭಾಳ ಸಂತೋಷ ಆತು. ಈಗಿನ ಕಾಲದಾಗ ಯಾರ ಅಂತಾರ ಹಂಗ?"

"ನಮ್ಮ ಮನೆ ಹುಡುಗಿ ಹಾಗೇ. ಎರಡು ಮಾತಿಲ್ಲ" ಎಂದರು ಅತ್ತೆ.

"ಒಂದೂ ಇಲ್ಲ" ಎಂದರು ಅಪ್ಪ ಪೇಪರಿನ ಹಿಂದಿನಿಂದ. ಎಲ್ಲರೂ ನಕ್ಕರು. ಅತ್ತೆ ಪೇಪರನ್ನು ಕಿತ್ತು ಮಡಚಿಟ್ಟರು. "ಬಂದವರ ಮುಂದೆ ಇದೇನಣ್ಣಾ!"

ಮಧುಕೇಶನ ತಂದೆ ತಟ್ಟೆಯನ್ನು ನನ್ನ ಮುಂದೆ ಸರಿಸಿದರು. ದನಿಯಲ್ಲಿ ಒರಟಿರಲಿಲ್ಲ, ಇದ್ದಿದ್ದರೆ ಸುಲಭವಾಗುತ್ತಿತ್ತು. "ಹಂಗಾದ್ರ ದಿನಾ ಗೊತ್ತು ಮಾಡೂಣೇನವಾ?"

ಪ್ರಶ್ನೆ ನನ್ನ ಮುಂದೆ ನಿಂತಿತು. ನಾನು ಸೆರಗಿನ ಅಂಚಿಗೆ ಕೈ ಹಾಕಿದೆ, ನೀಲಿ ಸೀರೆಯಲ್ಲಿ ದಾರವೇ ಬಿಟ್ಟಿರಲಿಲ್ಲ. ಪ್ರಶ್ನೆ ಸ್ವಲ್ಪ ಹೊತ್ತು ಕಾದು ಅಮ್ಮನ ಕಡೆಗೆ ತಿರುಗಿತು. ಅಮ್ಮನ ಬಾಯಲ್ಲಿ ಇವತ್ತು ಅಡಿಕೆ ಇರಲಿಲ್ಲ. ಹುಟ್ಟಿದಾರಭ್ಯ ನನಗೆ ಬಂದದ್ದನ್ನೆಲ್ಲ ಹೂಂ ಎಂದು ತೆಗೆದುಕೊಂಡ ಆ ಬಾಯಿ ಅರ್ಧ ತೆರೆಯಿತು. ನಾನು ಅಮ್ಮನನ್ನೇ ನೋಡಿದೆ. ಅಮ್ಮ ತುಟಿ ಮುಚ್ಚಿಕೊಂಡರು. ಎರಡೂ ತುಟಿಗಳನ್ನು ಒಳಕ್ಕೆ ಎಳೆದುಕೊಂಡು, ನೋಡುವವರಿಗೆ ಸಿಟ್ಟು ಬಂದಿದೆಯೇನೋ ಎನಿಸುವಷ್ಟು ಬಿಗಿಯಾಗಿ.

"ದಿನಾ ಗೊತ್ತು ಮಾಡೂಣೇನವಾ?" ಎನ್ನುತ್ತ ಪ್ರಶ್ನೆ ಅಮ್ಮನನ್ನು ಬಿಟ್ಟು ಮುಂದೆ ನಡೆಯಿತು. ಅತ್ತೆ, "ಹೇಳೇ, ಹೊರಗೆ ಹೋಗ್ತಿದೆ" ಎಂದು ನನ್ನ ಮೊಣಕೈ ತಿವಿದರು. ಮಧುಕೇಶ ತನ್ನ ತಂದೆಯ ಪ್ರಶ್ನೆಗೆ ದಾರಿ ಬಿಡಲು ಇನ್ನೂ ಪಕ್ಕಕ್ಕೆ ಸರಿದ. ಅದು ಅಪ್ಪನ ಮುಂದೆ ಬಂದಿತು. ಅಪ್ಪನ ಕೈಯಲ್ಲಿ ಪೇಪರ್ ಇರಲಿಲ್ಲ. ಹೊರಗಿನವರು ಕೂತಿದ್ದಾರೆ, ಮನೆಯ ಪ್ರಶ್ನೆ ಅವರೆದುರಿಗೇ ಬೀದಿಗೆ ಬೀಳುತ್ತಿದೆ, ಹೆಂಡತಿ ಮಗಳು ಇಬ್ಬರೂ ಮೂಕರಾಗಿದ್ದಾರೆ. ಇಷ್ಟು ವರ್ಷದಲ್ಲಿ ಮೊದಲ ಸಲ ಅಪ್ಪ ಮನೆಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು ಗಂಟಲು ಸರಿಪಡಿಸಿಕೊಂಡರು. ಆ ಗಂಟಲ ಸದ್ದು ನನಗೆ ಗೊತ್ತು. ಅದರ ಹಿಂದೆ ಬರುವ ಹೂಂ ಟ್ಯಾಂಕಿನ ಮೇಲಿನ ಹೂಂ, ಅದರ ಮೇಲೆ ಇನ್ನೊಂದಿಲ್ಲ. ಅಪ್ಪ ಉಸಿರೆಳೆದುಕೊಂಡರು.

"ಊಹೂಂ" ಎಂದೆ.

ಅಪ್ಪನ ಉಸಿರು ಅಲ್ಲೇ ನಿಂತಿತು. ಪ್ರಶ್ನೆ ತಿರುಗಿತು. ಕುರ್ಚಿಗಳ ನಡುವೆ ಹಿಂದಕ್ಕೆ ನಡೆದು, ಬಂದವರ ತಟ್ಟೆಯಲ್ಲಿ ವೀಳ್ಯದೆಲೆಯ ಮೇಲೆ ಹೋಗಿ ಕೂತಿತು. ಮಧುಕೇಶನ ತಂದೆ ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. ಜಗಲಿಯಲ್ಲಿ ಹೂವಿನವಳ ಮಾಲೆ ಕೈಯಲ್ಲೇ ನಿಂತಿತ್ತು. ಇಷ್ಟಕ್ಕೇ ನಿಲ್ಲಿಸಿದರೆ ಇದಕ್ಕೂ ಮೂರು ಅರ್ಥ ಹುಡುಕುತ್ತಾರೆ ಎನಿಸಿತು. ನಾನು ತಲೆಯೆತ್ತಿ, ಬೀದಿಗೆ ಹೋದರೆ ಹೋಗಲಿ ಎಂದು, ಹೊಸ್ತಿಲಾಚೆಗೂ ಕೇಳುವಷ್ಟು ದೊಡ್ಡದಾಗಿ ಹೇಳಿದೆ: "ಅವತ್ತು ನನಗೆ ಕೇಳಿಸ್ತು ಅಂತ ಹೂಂ ಅಂದೆ. ಒಪ್ಪಿದೆ ಅಂತ ಅಲ್ಲ."